ಮೈಲಿಗಲ್ಲು 109, ಬೆಳಿಗ್ಗೆ ಹತ್ತೂವರೆ

ನನ್ನ ಹಳೆಯ ನೋಟುಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ಮಾಡಿಕೊಂಡ ಒಂದು ಕೋಷ್ಟಕವಿದೆ. ಅದರ ನೆತ್ತಿಯ ಮೇಲೆ ‘1944, ಜೂನ್ 22, ಗುರುವಾರ’ ಎಂದಿದೆ. ಕೆಳಗೆ ಸೈಪಾನ್, ಹುನಾನ್, ಇಂಫಾಲ, ಬೆಲರೂಸ್, ಉಂಬ್ರಿಯಾ, ನಾರ್ಮಂಡಿ, ವಾಷಿಂಗ್ಟನ್ ಎಂಬ ಏಳು ಸಾಲುಗಳಿವೆ. ಎಡಗಡೆಯ ಅಂಚಿನಲ್ಲಿ ಗ್ರೀನಿಚ್ ಸಮಯವನ್ನು ಗಂಟೆ ಗಂಟೆಗೆ ಗುರುತು ಹಾಕಿಕೊಂಡಿದ್ದೇನೆ. ಎರಡನೆಯ ಮಹಾಯುದ್ಧದ ಒಂದೇ ಒಂದು ದಿನವನ್ನು ಅದರ ಎಲ್ಲ ರಣರಂಗಗಳಲ್ಲಿ ಒಟ್ಟಿಗೆ ನೋಡಲು ಸಾಧ್ಯವೇ ಎಂಬ ಹುಚ್ಚು ಹತ್ತಿದ್ದ ಕಾಲದಲ್ಲಿ ಮಾಡಿದ್ದು ಅದು. ಕೆಲವು ಚೌಕಗಳು ಇವತ್ತಿಗೂ ಖಾಲಿ ಇವೆ, ಕೆಲವು ಚೌಕಗಳಲ್ಲಿ ಬರೆಯಲು ಜಾಗ ಸಾಲದೆ ಅಂಚಿಗೆ ಚೀಟಿ ಅಂಟಿಸಿದ್ದೇನೆ.

ಆ ತಿಂಗಳಿನಲ್ಲಿ ಜಗತ್ತು ನೆನಪಿಟ್ಟುಕೊಂಡಿರುವ ದಿನ ಜೂನ್ 6, ಮಿತ್ರಪಡೆಗಳು ನಾರ್ಮಂಡಿಯ ಕಡಲತೀರದಲ್ಲಿ ಇಳಿದ ದಿನ. ನಾನು 22ನ್ನು ಆರಿಸಿಕೊಂಡದ್ದಕ್ಕೆ ಕಾರಣ ಇಂಫಾಲ. ಬೆಳಗಾವಿಯಲ್ಲಿ ಬೆಳೆದ ನನಗೆ ಮರಾಠಾ ಲೈಟ್ ಇನ್ಫೆಂಟ್ರಿಯ ತರಬೇತಿ ಕೇಂದ್ರ ಊರಿನ ಒಂದು ಭಾಗವೇ ಆಗಿತ್ತು. ಕ್ಯಾಂಪಿನ ಕಡೆಯಿಂದ ಮುಂಜಾನೆ ಕೇಳುವ ಬಿಗುಲಿನ ದನಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಆ ರೆಜಿಮೆಂಟಿನ ಒಂದು ಬೆಟಾಲಿಯನ್ 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ, ನೀರೂ ಸರಿಯಾಗಿ ಸಿಗದ ಸ್ಥಿತಿಯಲ್ಲಿ, ಪ್ಯಾರಾಶೂಟ್ ಬ್ರಿಗೇಡಿನ ಜೊತೆ ನಿಂತು ಕೊಹಿಮಾದ ಕಡೆಗೆ ನುಗ್ಗುತ್ತಿದ್ದ ಜಪಾನಿ ಪಡೆಯನ್ನು ಕೆಲವು ದಿನ ತಡೆಹಿಡಿದಿತ್ತು ಎಂಬುದು ನನಗೆ ತಿಳಿದದ್ದು ಊರು ಬಿಟ್ಟು ಎಷ್ಟೋ ವರ್ಷಗಳ ನಂತರ, ಇಂಫಾಲದಲ್ಲಿ. ಅಲ್ಲಿ ಎರಡು ಯುದ್ಧಸ್ಮಶಾನಗಳಿವೆ. ಭಾರತೀಯ ಸೈನಿಕರಿಗೆಂದೇ ಇರುವ ಸ್ಮಶಾನದಲ್ಲಿ ಒಂದು ದಹನ ಸ್ಮಾರಕವಿದ್ದು, ಧರ್ಮದ ಪದ್ಧತಿಯಂತೆ ಚಿತೆಗೇರಿದ ಎಂಟುನೂರಕ್ಕೂ ಹೆಚ್ಚು ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿದೆ. ಸಮಾಧಿ ಇಲ್ಲದವರ ಹೆಸರುಗಳನ್ನು ಓದುತ್ತ ನಿಂತಾಗ, ಇವರೆಲ್ಲ ಸಾಯುತ್ತಿದ್ದ ಹೊತ್ತಿಗೆ ಉಳಿದ ಜಗತ್ತು ಎಲ್ಲಿ ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಹುಟ್ಟಿತು. ಕೋಷ್ಟಕ ಶುರುವಾದದ್ದು ಹಾಗೆ.

ಮೊದಲ ತೊಡಕು ಗಡಿಯಾರದ್ದು. ಯುದ್ಧಕಾಲದಲ್ಲಿ ಹಗಲಿನ ಬೆಳಕನ್ನು ಹೆಚ್ಚು ಬಳಸಿಕೊಳ್ಳಲೆಂದು ಭಾರತದ ಗಡಿಯಾರಗಳನ್ನು 1942ರ ಸೆಪ್ಟೆಂಬರಿನಲ್ಲಿ ಒಂದು ಗಂಟೆ ಮುಂದೆ ಸರಿಸಲಾಗಿತ್ತು. ಹೀಗಾಗಿ ನಮ್ಮ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆಯ ಬದಲು ಆರೂವರೆ ಗಂಟೆ ಮುಂದಿತ್ತು. ಬ್ರಿಟನ್ ಬೇಸಿಗೆಯಲ್ಲಿ ತನ್ನ ಗಡಿಯಾರವನ್ನು ಎರಡು ಗಂಟೆ ಮುಂದಿಟ್ಟುಕೊಂಡಿತ್ತು. ಅಮೆರಿಕಕ್ಕೂ ತನ್ನದೇ ಯುದ್ಧಸಮಯವಿತ್ತು. ಇವನ್ನೆಲ್ಲ ಸರಿದೂಗಿಸಿಕೊಂಡ ಮೇಲೆ ಸಿಕ್ಕಿದ ಚಿತ್ರ ಹೀಗಿದೆ: ಮಣಿಪುರದ ಬೆಟ್ಟಗಳಲ್ಲಿ ಬೆಳಿಗ್ಗೆ ಹತ್ತೂವರೆಯಾದಾಗ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ನಡುಮಧ್ಯಾಹ್ನ ಕಳೆದಿತ್ತು, ನಾರ್ಮಂಡಿಯಲ್ಲಿ ಬೆಳಗಿನ ಆರು, ವಾಷಿಂಗ್ಟನ್ನಿನಲ್ಲಿ ಆಗಷ್ಟೇ ನಡುರಾತ್ರಿ ಕಳೆದು ತಾರೀಖು 22ಕ್ಕೆ ತಿರುಗಿತ್ತು.

ಆ ಹತ್ತೂವರೆಗೆ ಇಂಫಾಲ-ಕೊಹಿಮಾ ರಸ್ತೆಯಲ್ಲಿ, ದಿಮಾಪುರದಿಂದ ಎಣಿಸಿದರೆ 109ನೆಯ ಮೈಲಿಗಲ್ಲಿನ ಬಳಿ, ಉತ್ತರದಿಂದ ಬಂದ ಬ್ರಿಟಿಷ್ 2ನೇ ಡಿವಿಷನ್ನಿನ ಮುಂಚೂಣಿಯವರೂ ದಕ್ಷಿಣದಿಂದ ಬಂದ 5ನೇ ಇಂಡಿಯನ್ ಡಿವಿಷನ್ನಿನವರೂ ಪರಸ್ಪರ ಎದುರಾದರು. ಮಾರ್ಚ್ ಕೊನೆಯಿಂದ ಎಂಬತ್ತಕ್ಕೂ ಹೆಚ್ಚು ದಿನ ಮುಚ್ಚಿಹೋಗಿದ್ದ ರಸ್ತೆ ತೆರೆಯಿತು. ಎರಡು ಕಡೆಯವರೂ ಮಳೆಯಲ್ಲಿ ತೊಯ್ದು, ಕೆಸರು ಮೆತ್ತಿಕೊಂಡು, ಒಬ್ಬರನ್ನೊಬ್ಬರು ಗುರುತಿಸುವುದೇ ಕಷ್ಟವಿದ್ದಿರಬೇಕು. ಇಷ್ಟನ್ನು ಮುತ್ತಿಗೆ ತೆರವು ಎಂದು ಬರೆದು ಇತಿಹಾಸದ ಪುಸ್ತಕಗಳು ಮುಂದೆ ಸಾಗುತ್ತವೆ. ನಾನು ಈ ಚೌಕದಲ್ಲಿ ಬಹಳ ಹೊತ್ತು ನಿಂತೆ, ಏಕೆಂದರೆ ಮುತ್ತಿಗೆ ಎಂಬ ಮಾತು ನಮ್ಮ ಮನಸ್ಸಿನಲ್ಲಿ ಕೋಟೆ, ಕಂದಕ, ಏಣಿಗಳ ಚಿತ್ರ ಮೂಡಿಸುತ್ತದೆ. ಇಂಫಾಲದ್ದು ಆ ಬಗೆಯ ಮುತ್ತಿಗೆ ಆಗಿರಲಿಲ್ಲ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಬಯಲು, ಬಯಲಿನಲ್ಲಿ ಸುಮಾರು ಒಂದೂವರೆ ಲಕ್ಷ ಸೈನಿಕರು, ಬಯಲಿಗೆ ಇಳಿಯುವ ಪ್ರತಿಯೊಂದು ಹಾದಿಯಲ್ಲೂ ಜಪಾನಿನ 15ನೇ ಸೈನ್ಯದ ತುಕಡಿಗಳು. ಒಳಗಿದ್ದವರನ್ನು ಬದುಕಿಸಿದ್ದು ವಿಮಾನ. ಡಕೋಟಾ ವಿಮಾನಗಳು ಅಕ್ಕಿ, ಹಿಟ್ಟು, ಮದ್ದುಗುಂಡು, ಪೆಟ್ರೋಲು, ಹೇಸರಗತ್ತೆಗಳ ಮೇವು, ಕಡೆಗೆ ಸೈನಿಕರ ಮನೆಯ ಪತ್ರಗಳ ಚೀಲಗಳನ್ನೂ ತಂದು ಇಳಿಸಿ, ಮರಳುವಾಗ ಸುಮಾರು 13,000 ಗಾಯಾಳುಗಳನ್ನೂ ಯುದ್ಧಕ್ಕೆ ಸಂಬಂಧಿಸದ 43,000 ಜನರನ್ನೂ ಹೊರಗೆ ಸಾಗಿಸಿದವು. ಆದರೂ ಪಡಿತರ ಕಡಿತವಾಗಿತ್ತು. ಮುಂಗಾರು ಶುರುವಾದ ಮೇಲೆ ಮೋಡ ಮುಸುಕಿದ ಬೆಟ್ಟಗಳ ನಡುವೆ ವಿಮಾನ ಇಳಿಸುವುದು ಪ್ರತಿದಿನದ ಜೂಜಾಗಿತ್ತು.

ಬೆಟ್ಟಗಳ ಆಚೆ ಹಸಿವು ಇನ್ನೂ ಘೋರವಾಗಿತ್ತು. ಜಪಾನಿ ಸೇನಾಪತಿ ಮುತಾಗುಚಿ ಮೂರು ವಾರಗಳ ಆಹಾರವನ್ನು ಸೈನಿಕರ ಬೆನ್ನಿಗೆ ಕಟ್ಟಿ, ಉಳಿದದ್ದನ್ನು ಇಂಫಾಲದ ಬ್ರಿಟಿಷ್ ಉಗ್ರಾಣಗಳಿಂದ ಪಡೆಯಿರಿ ಎಂದು ಕಳುಹಿಸಿದ್ದ. ಉಗ್ರಾಣ ಕೈಗೆ ಸಿಗಲಿಲ್ಲ, ಹಿಂದಿನಿಂದ ಅಕ್ಕಿ ಬರಲಿಲ್ಲ. ಕೊಹಿಮಾದಲ್ಲಿ ಹೋರಾಡುತ್ತಿದ್ದ 31ನೇ ಡಿವಿಷನ್ನಿನ ಸೇನಾಪತಿ ಸಾತೊ, ತನ್ನವರು ಹುಲ್ಲು ಬೇರು ತಿನ್ನುವ ಸ್ಥಿತಿಗೆ ಬಂದಾಗ, ಅಪ್ಪಣೆಗೆ ಕಾಯದೆ ಜೂನ್ ಆರಂಭದ ಹೊತ್ತಿಗೆ ಸೈನ್ಯವನ್ನು ಹಿಂದಕ್ಕೆ ಎಳೆದುಕೊಂಡ. ಜಪಾನಿ ಸೈನ್ಯದ ಶಿಸ್ತಿನಲ್ಲಿ ಇದು ಊಹಿಸಲೂ ಆಗದ ಅಪರಾಧವಾಗಿತ್ತು. ಅದೇ ಜೂನ್ ಮೊದಲ ವಾರದಲ್ಲಿ ಮುತಾಗುಚಿಯೂ ಅವನ ಮೇಲಧಿಕಾರಿ ಕವಾಬೆಯೂ ಎದುರುಬದುರು ಕುಳಿತು ಮಾತಾಡಿದರು. ದಾಳಿ ವಿಫಲವಾಗಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು, ಆದರೆ ಹಿಮ್ಮೆಟ್ಟೋಣ ಎಂಬ ಮಾತನ್ನು ಮೊದಲು ಆಡುವವರು ಯಾರು ಎಂಬುದು ತೀರ್ಮಾನವಾಗದೆ ಇಬ್ಬರೂ ಎದ್ದುಹೋದರು. ಇಬ್ಬರ ಆ ಸಂಕೋಚಕ್ಕೆ ಅವರ ಸೈನಿಕರು ಸುಮಾರು ಒಂದು ತಿಂಗಳು ಬೆಲೆ ತೆತ್ತರು. ಹಿಂದೆ ಸರಿಯುವ ಅಧಿಕೃತ ಆಜ್ಞೆ ಬಂದದ್ದು ಜುಲೈನಲ್ಲಿ. ಈ ದಂಡಯಾತ್ರೆಯಲ್ಲಿ ಸತ್ತ ಸುಮಾರು 30,000 ಜಪಾನಿಯರಲ್ಲಿ ಬಹುಪಾಲು ಜನರನ್ನು ಕೊಂದದ್ದು ಹಸಿವು, ಮಲೇರಿಯಾ ಮತ್ತು ಆಮಶಂಕೆ.

ಜಪಾನಿಯರ ಜೊತೆಗೇ ಆ ಬೆಟ್ಟಗಳಲ್ಲಿ ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ತುಕಡಿಗಳೂ ಇದ್ದವು. ಏಪ್ರಿಲ್ 14ರಂದು ಮೊಯಿರಾಂಗ್‌ನಲ್ಲಿ ಅವರ ಬಾವುಟ ಹಾರಿತ್ತು. ರಸ್ತೆಯನ್ನು ತೆರೆದ ಸೈನ್ಯದಲ್ಲಿಯೂ ಬಹುಸಂಖ್ಯಾತರು ಭಾರತೀಯರೇ. ಇಬ್ಬರೂ ಒಂದೇ ಮಳೆಯಲ್ಲಿ ನೆನೆದು, ಒಂದೇ ಭಾಷೆಯಲ್ಲಿ ನೀರು ಕೇಳಿದವರು. ಅತ್ತ ಅಹ್ಮದ್‌ನಗರದ ಕೋಟೆಯಲ್ಲಿ ನೆಹರೂ ಮತ್ತು ಕಾಂಗ್ರೆಸ್ಸಿನ ಹಿರಿಯರು ಸೆರೆಯಲ್ಲಿದ್ದರು. ಗಾಂಧೀಜಿ ಮೇ ತಿಂಗಳಿನಲ್ಲಿ ಬಿಡುಗಡೆಯಾಗಿ ಚೇತರಿಸಿಕೊಳ್ಳುತ್ತಿದ್ದರು. ಸ್ವತಂತ್ರ ಭಾರತಕ್ಕೆ ಜೂನ್ 22ನ್ನು ಯಾರ ಗೆಲುವೆಂದು ಆಚರಿಸಬೇಕೆಂದು ತಿಳಿಯಲಿಲ್ಲ. ಆಚರಿಸದೇ ಬಿಟ್ಟದ್ದರಲ್ಲಿ ತಪ್ಪೇನೂ ಇಲ್ಲ ಎಂದೇ ನನ್ನ ಭಾವನೆ. ಆದರೆ ಮರೆತದ್ದು ಬೇರೆ ವಿಷಯ.

ಇನ್ನು ಸೂರ್ಯ ಮೊದಲು ಮೂಡುವ ಕಡೆಗೆ ಹೋಗುತ್ತೇನೆ. ಸೈಪಾನಿನಲ್ಲಿ ಅಮೆರಿಕದ ಪಡೆಗಳು ಜೂನ್ 15ರಂದು ಇಳಿದಿದ್ದವು. 19 ಮತ್ತು 20ರಂದು ಫಿಲಿಪ್ಪೀನ್ಸ್ ಸಮುದ್ರದಲ್ಲಿ ನಡೆದ ವಿಮಾನವಾಹಕ ನೌಕೆಗಳ ಕದನದಲ್ಲಿ ಜಪಾನ್ ಮೂರು ವಾಹಕಗಳನ್ನೂ, ಅದಕ್ಕಿಂತ ಹೆಚ್ಚಾಗಿ ಮತ್ತೆ ತಯಾರು ಮಾಡಲಾಗದಷ್ಟು ಪಳಗಿದ ವೈಮಾನಿಕರನ್ನೂ ಕಳೆದುಕೊಂಡಿತ್ತು. 22ರಂದು ದ್ವೀಪದ ನಡುವಿನ ತಪೋಚೌ ಪರ್ವತದ ಕಡೆಗೆ ಮರೀನ್ ಸೈನಿಕರು ಹತ್ತತೊಡಗಿದ್ದರು. ಸಮುದ್ರದಲ್ಲಿ ತಮ್ಮ ನೌಕಾಪಡೆ ಸೋತು ಹೋಗಿದೆ, ನೆರವು ಇನ್ನು ಬರುವುದಿಲ್ಲ ಎಂಬ ಸತ್ಯವನ್ನು ಗುಹೆಗಳಲ್ಲಿ ಕುಳಿತು ಕಾಯುತ್ತಿದ್ದ ಜಪಾನಿಯರಿಗೆ ಹೇಳುವವರು ಯಾರಿದ್ದರು? ಚೀನಾದ ಹುನಾನ್ ಪ್ರಾಂತದಲ್ಲಾದರೆ ಅದೇ ಜಪಾನ್ ಗೆಲ್ಲುತ್ತಿತ್ತು. ಚಾಂಗ್‌ಶಾ ನಗರ ಜೂನ್ 18ರಂದು ಬಿದ್ದು, ಸೈನ್ಯ ಹೆಂಗ್‌ಯಾಂಗ್ ನಗರದ ಬಾಗಿಲಿಗೆ ಬರುತ್ತಿತ್ತು. ಆ ನಗರವನ್ನು ಚೀನೀ ಸೈನಿಕರು 47 ದಿನ ಹಿಡಿದು ನಿಂತರು. ಒಂದೇ ದೇಶ ಒಂದೇ ವಾರದಲ್ಲಿ ಒಂದು ಕಡೆ ತನ್ನ ನೌಕಾಬಲವನ್ನು ಕಳೆದುಕೊಂಡು, ಇನ್ನೊಂದು ಕಡೆ ಹಸಿವಿನಿಂದ ಹಿಮ್ಮೆಟ್ಟಿ, ಮತ್ತೊಂದು ಕಡೆ ದೊಡ್ಡ ದೊಡ್ಡ ನಗರಗಳನ್ನು ಗೆಲ್ಲುತ್ತಿದ್ದದ್ದು ಕೋಷ್ಟಕದ ಪಕ್ಕಪಕ್ಕದ ಚೌಕಗಳಲ್ಲಿ ಕಂಡಾಗಲೇ ನನಗೆ ಹೊಳೆದದ್ದು.

ಬೆಲರೂಸಿನ ಚೌಕವೇ ಎಲ್ಲಕ್ಕಿಂತ ದೊಡ್ಡದು. ಮೂರು ವರ್ಷ ಹಿಂದೆ ಇದೇ ತಾರೀಖಿನಂದು, 1941ರ ಜೂನ್ 22ರ ಬೆಳಗಿನ ಜಾವ, ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತ್ತು. ಆ ಮೂರು ವರ್ಷಗಳಲ್ಲಿ ಹಳ್ಳಿಗೆ ಹಳ್ಳಿಯೇ ಸುಟ್ಟುಹೋದ ಈ ನಾಡು, ಯುದ್ಧ ಮುಗಿಯುವ ಹೊತ್ತಿಗೆ ತನ್ನ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗವನ್ನು ಕಳೆದುಕೊಂಡಿತ್ತು ಎಂದು ಎಣಿಸುತ್ತಾರೆ. 1944ರ ಜೂನ್ 22ರಂದು ವಿಟೆಬ್ಸ್ಕ್ ನಗರದ ಸುತ್ತಮುತ್ತ ಸೋವಿಯತ್ ಪಡೆಗಳು ಶತ್ರುವಿನ ಸಾಲುಗಳನ್ನು ಮುಟ್ಟಿ ನೋಡುವ ದಾಳಿ ಶುರುಮಾಡಿದವು. ಮುಖ್ಯ ದಾಳಿ ಮರುದಿನಕ್ಕೆ ನಿಗದಿಯಾಗಿತ್ತು. ಆದರೆ ಕೆಲವು ಕಡೆ ಈ ಪರೀಕ್ಷೆಯ ತುಕಡಿಗಳೇ ಜರ್ಮನ್ ಕಂದಕಗಳನ್ನು ದಾಟಿ ಕಿಲೋಮೀಟರುಗಟ್ಟಲೆ ಒಳಗೆ ನುಗ್ಗಿದವು. ಕಾರ್ಯಾಚರಣೆಗೆ ನೆಪೋಲಿಯನ್ನನ ವಿರುದ್ಧ ಹೋರಾಡಿ ಮಡಿದ ಸೇನಾಪತಿ ಬಗ್ರಾತಿಯೋನನ ಹೆಸರಿಟ್ಟಿದ್ದರು.

ಇಲ್ಲಿ ಯುದ್ಧ ಗೆದ್ದದ್ದು ಬಹುಮಟ್ಟಿಗೆ 22ಕ್ಕಿಂತ ಮೊದಲೇ. ಸೋವಿಯತ್ ಸೈನ್ಯ ಬೇಸಿಗೆಯ ದಾಳಿಯನ್ನು ದಕ್ಷಿಣದ ಉಕ್ರೇನ್ ಕಡೆಯಿಂದ ಮಾಡುತ್ತದೆ ಎಂದು ಜರ್ಮನ್ನರನ್ನು ನಂಬಿಸಲಾಗಿತ್ತು. ಅವರು ತಮ್ಮ ಟ್ಯಾಂಕುಗಳನ್ನು ಅಲ್ಲಿಗೆ ಕಳುಹಿಸಿದ್ದರು. ಬೆಲರೂಸಿನಲ್ಲಿದ್ದ ಜರ್ಮನ್ ಸೈನ್ಯಗುಂಪಿನ ಬಳಿ ಹಾರಲು ಸಿದ್ಧವಿದ್ದ ಯುದ್ಧವಿಮಾನಗಳು ಅತ್ಯಲ್ಪ, ಏಕೆಂದರೆ ಉಳಿದವು ಜರ್ಮನಿಯ ನಗರಗಳನ್ನು ಕಾಯುವುದರಲ್ಲಿಯೂ ನಾರ್ಮಂಡಿಯಲ್ಲಿಯೂ ತೊಡಗಿದ್ದವು. ಜೂನ್ 19ರಿಂದ 20ರ ನಡುವಿನ ರಾತ್ರಿ ಕಾಡಿನಲ್ಲಿದ್ದ ಗೆರಿಲ್ಲಾ ಹೋರಾಟಗಾರರು ರೈಲುಹಳಿಗಳಿಗೆ ಸಾವಿರಾರು ಕಡೆ ಸಿಡಿಮದ್ದು ಇಟ್ಟರು. ಇದರ ಮೇಲೆ ಹಿಟ್ಲರನ ಆಜ್ಞೆಯೊಂದಿತ್ತು: ವಿಟೆಬ್ಸ್ಕ್, ಓರ್ಶಾ, ಮೊಗಿಲೆವ್, ಬೊಬ್ರುಯ್‌ಸ್ಕ್ ನಗರಗಳನ್ನು ಕೋಟೆಗಳೆಂದು ಘೋಷಿಸಿ, ಸುತ್ತುವರಿದರೂ ಅಲ್ಲಿನ ಸೈನ್ಯ ಕದಲಬಾರದು ಎಂದು. ಮುತಾಗುಚಿ ಮತ್ತು ಕವಾಬೆಯರ ಮೌನಕ್ಕೂ ಈ ಆಜ್ಞೆಗೂ ನಡುವೆ ಸಾವಿರಾರು ಮೈಲಿ ದೂರವಿದ್ದರೂ ಪರಿಣಾಮ ಒಂದೇ ಆಗಿತ್ತು. ಜುಲೈ 3ರಂದು ಮಿನ್ಸ್ಕ್ ಸೋವಿಯತ್ ವಶವಾಯಿತು. ಜುಲೈ 17ರಂದು 57,000ದಷ್ಟು ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋ ನಗರದ ಬೀದಿಗಳಲ್ಲಿ ನಡೆಸಿ, ಅವರ ಹಿಂದೆಯೇ ನೀರಿನ ಲಾರಿಗಳಿಂದ ರಸ್ತೆ ತೊಳೆಸಲಾಯಿತು. ಒಂದು ಸೈನ್ಯಗುಂಪೇ ಕರಗಿಹೋದ ಈ ಸೋಲು ಸ್ಟಾಲಿನ್‌ಗ್ರಾಡಿಗಿಂತ ದೊಡ್ಡದು. ಆದರೂ ನಾವು ಕೇಳಿ ಬೆಳೆದದ್ದು ಸ್ಟಾಲಿನ್‌ಗ್ರಾಡಿನ ಹೆಸರನ್ನೇ.

ಆದರೆ ಅದೇ ಮುಂಜಾನೆ ಜರ್ಮನ್ನರಿಗೂ ಒಂದು ಗೆಲುವು ಸಿಕ್ಕಿತ್ತು. ಹಿಂದಿನ ದಿನ ಅಮೆರಿಕದ ಬಿ-17 ಬಾಂಬರುಗಳು ಇಂಗ್ಲೆಂಡಿನಿಂದ ಹೊರಟು, ಜರ್ಮನಿಯ ಮೇಲೆ ಬಾಂಬು ಹಾಕಿ, ಮರಳಿ ಹೋಗುವ ಬದಲು ಮುಂದಕ್ಕೆ ಹಾರಿ ಉಕ್ರೇನಿನ ಪೋಲ್ತಾವಾದಲ್ಲಿ ಇಳಿದಿದ್ದವು. ರಾತ್ರಿ ಜರ್ಮನ್ ವಿಮಾನಗಳು ಅವನ್ನು ಹಿಂಬಾಲಿಸಿ ಬಂದು, ನೆಲದ ಮೇಲೆ ಸಾಲಾಗಿ ನಿಂತಿದ್ದ 40ಕ್ಕೂ ಹೆಚ್ಚು ಬಾಂಬರುಗಳನ್ನು ಸುಟ್ಟುಹಾಕಿದವು. ಬೆಳಗಾದಾಗ ಪೋಲ್ತಾವಾದಲ್ಲಿದ್ದ ಅಮೆರಿಕನ್ನನಿಗೆ ಜೂನ್ 22 ಸೋಲಿನ ದಿನವಾಗಿಯೇ ಕಂಡಿರಬೇಕು.

ಇಟಲಿಯ ಉಂಬ್ರಿಯಾ ಪ್ರಾಂತದ ಚೌಕವನ್ನು ತುಂಬಿಸುವಾಗ ನನ್ನ ಕೈ ತಡೆಯಿತು. ರೋಮ್ ಜೂನ್ 4ರಂದು ಮಿತ್ರಪಡೆಗಳ ವಶವಾಗಿ, ಜರ್ಮನ್ನರು ಟ್ರಾಸಿಮೆನೊ ಸರೋವರದ ಆಸುಪಾಸಿನಲ್ಲಿ ಹೊಸ ಸಾಲು ಕಟ್ಟಿಕೊಂಡಿದ್ದರು. ಅದರ ಹಿಂದಿದ್ದ ಗುಬ್ಬಿಯೊ ಎಂಬ ಪುರಾತನ ಪಟ್ಟಣದಲ್ಲಿ ಜೂನ್ 20ರಂದು ಪ್ರತಿರೋಧ ಹೋರಾಟಗಾರರ ಗುಂಡಿಗೆ ಒಬ್ಬ ಜರ್ಮನ್ ಸೇನಾ ವೈದ್ಯ ಸತ್ತ. 22ರ ಬೆಳಿಗ್ಗೆ ಜರ್ಮನ್ ಸೈನಿಕರು ಪಟ್ಟಣದ 40 ಜನರನ್ನು ಗೋಡೆಯೊಂದರ ಮುಂದೆ ನಿಲ್ಲಿಸಿ ಕೊಂದರು. ಅವರಾರೂ ಆ ಗುಂಡು ಹಾರಿಸಿದವರಲ್ಲ. ಮುಂಚೂಣಿಯ ನಕ್ಷೆಗಳಲ್ಲಿ ಈ ಘಟನೆಗೆ ಬಾಣದ ಗುರುತಿಲ್ಲ. ಅಲ್ಲಿ ಯಾರೂ ಮುಂದೆ ಸಾಗಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಇದೇ ಇಟಲಿಯ ರಣರಂಗದಲ್ಲಿ ಬೆಳಗಾವಿಯ ರೆಜಿಮೆಂಟಿನ ಬೇರೆ ಬೆಟಾಲಿಯನ್ನುಗಳಿದ್ದವು. ಹದಿನೆಂಟು ದಿನಗಳ ನಂತರ, ಜುಲೈ 10ರಂದು, ಟೈಬರ್ ಕಣಿವೆಯ ಮೇಲ್ಭಾಗದಲ್ಲಿ ನಾಯಕ್ ಯಶವಂತ ಘಾಡ್ಗೆ ತನ್ನ ಜೊತೆಯವರೆಲ್ಲ ಗುಂಡಿಗೆ ಬಿದ್ದ ಮೇಲೆ ಒಬ್ಬನೇ ಶತ್ರುವಿನ ಮೆಷಿನ್‌ಗನ್ ನೆಲೆಯ ಮೇಲೆ ನುಗ್ಗಿ, ಅದನ್ನು ಗೆದ್ದು, ಅಲ್ಲೇ ಸತ್ತ. ಮರಣಾನಂತರ ಆತನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಒಂದೇ ಪರೇಡ್ ಮೈದಾನದ ರೆಜಿಮೆಂಟಿನವರು ಒಂದೇ ಬೇಸಿಗೆಯಲ್ಲಿ ನಾಗಾ ಬೆಟ್ಟಗಳ ಸೆರಗಿನಲ್ಲಿಯೂ ಇಟಲಿಯ ಆಲಿವ್ ತೋಪುಗಳಲ್ಲಿಯೂ ಹೋರಾಡುತ್ತಿದ್ದರು.

ನಾರ್ಮಂಡಿಯಲ್ಲಿ ಅಂದು ಗಾಳಿ ತಗ್ಗುತ್ತಿತ್ತು. ಜೂನ್ 19ರಿಂದ ಬೀಸಿದ ಬಿರುಗಾಳಿ ಸ್ಯಾಂ-ಲೊರಾಂ ಎಂಬ ಕಡಲತೀರದ ಊರಿನ ಬಳಿ ಅಮೆರಿಕನ್ನರು ಕಟ್ಟಿಕೊಂಡಿದ್ದ ಕೃತಕ ಬಂದರನ್ನು ಮುರಿದು ಹಾಕಿತ್ತು, ಹಡಗಿನಿಂದ ಸರಕು ಇಳಿಸುವ ಕೆಲಸ ನಿಂತುಹೋಗಿತ್ತು. ಹಾಗಾಗಿ ಶೆರ್‌ಬುರ್ ಬಂದರು ಈಗಿಂದೀಗಲೇ ಬೇಕಾಗಿತ್ತು. ಶರಣಾಗಲು ಜರ್ಮನ್ ಸೇನಾಪತಿಗೆ ಕೊಟ್ಟ ಗಡುವು 22ರ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯಿತು. ಮಧ್ಯಾಹ್ನ ಸಾವಿರದಷ್ಟು ವಿಮಾನಗಳು ಬಾಂಬು ಸುರಿದವು, ಕೆಲವು ತಮ್ಮದೇ ಸೈನಿಕರ ಮೇಲೂ ಬಿದ್ದವು. ಎರಡು ಗಂಟೆಗೆ ಪದಾತಿಗಳು ಹೊರಟರು. ಅಂದು ಹೆಚ್ಚೇನೂ ಕೈಗೆ ಬರಲಿಲ್ಲ. ಸೇನಾಪತಿ ಶರಣಾದದ್ದು 26ಕ್ಕೆ, ಅಷ್ಟರಲ್ಲಿ ಬಂದರನ್ನು ಕೆಲಸಕ್ಕೆ ಬಾರದಂತೆ ಕೆಡಿಸಿಯಾಗಿತ್ತು.

ಇಷ್ಟನ್ನೂ ಬರೆದುಕೊಂಡ ಮೇಲೆ ಈ ಚೌಕಗಳನ್ನು ಒಂದಕ್ಕೊಂದು ಹೊಲಿದಿರುವ ದಾರ ಯಾವುದು ಎಂದು ಹುಡುಕಿದೆ. ಧೈರ್ಯ, ತ್ಯಾಗ, ಇತ್ಯಾದಿ ಎಲ್ಲ ಕಡೆಗೂ ಇತ್ತು. ಅದರಿಂದ ಏನೂ ತಿಳಿಯುವುದಿಲ್ಲ. ದಾರ ಸಿಕ್ಕಿದ್ದು ಉಗ್ರಾಣದ ಲೆಕ್ಕದಲ್ಲಿ. ರಣರಂಗಗಳು ಒಂದರಿಂದ ಒಂದು ಸಾಲ ಪಡೆಯುತ್ತಿದ್ದವು. 1943ರ ಕೊನೆಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಅಂಡಮಾನಿನ ಮೇಲೆ ನಡೆಯಬೇಕಿದ್ದ ದಾಳಿ ರದ್ದಾಗಿ, ಅದಕ್ಕೆ ಮೀಸಲಿದ್ದ ದಡಕ್ಕಿಳಿಸುವ ನೌಕೆಗಳು ಯುರೋಪಿಗೆ ಹೋದವು. ಮಾರ್ಚಿನಲ್ಲಿ ಇಂಫಾಲಕ್ಕೆ ಕುತ್ತು ಬಂದಾಗ, ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ಯುತ್ತಿದ್ದ ವಿಮಾನಗಳನ್ನು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕ ಮೌಂಟ್‌ಬ್ಯಾಟನ್ ಈ ಕಡೆಗೆ ತಿರುಗಿಸಿಕೊಂಡು, 5ನೇ ಇಂಡಿಯನ್ ಡಿವಿಷನ್ನನ್ನು ಫಿರಂಗಿ ಮತ್ತು ಹೇಸರಗತ್ತೆಗಳ ಸಮೇತ ಬರ್ಮಾದ ಕರಾವಳಿಯ ಅರಾಕಾನಿನಿಂದ ಹಾರಿಸಿ ತರಿಸಿದ. ಮೈಲಿಗಲ್ಲು 109ಕ್ಕೆ ದಕ್ಷಿಣದಿಂದ ಬಂದದ್ದು ಅದೇ ಡಿವಿಷನ್. ಮೆಡಿಟರೇನಿಯನ್ನಿನಿಂದಲೂ ಕೆಲವು ಸಾಗಣೆ ವಿಮಾನಗಳನ್ನು ಎರವಲು ತರಲಾಗಿತ್ತು, ಅವನ್ನು ಹಿಂತಿರುಗಿಸುವ ಗಡುವಿನ ಬಗ್ಗೆ ತಿಂಗಳುಗಟ್ಟಲೆ ಜಗ್ಗಾಟ ನಡೆದಿತ್ತು. ರಸ್ತೆ ತೆರೆಯಲು ಅಷ್ಟು ಅವಸರವೇಕಿತ್ತು ಎಂಬುದಕ್ಕೆ ಇದೂ ಒಂದು ಉತ್ತರ. ಬೆಲರೂಸಿನ ಜೌಗಿನಲ್ಲಿ ಸೋವಿಯತ್ ಸೈನ್ಯವನ್ನು ಹೊತ್ತು ಸಾಗಿದ್ದು ಅಮೆರಿಕ ಕಳುಹಿಸಿದ ಸ್ಟುಡೆಬೇಕರ್ ಲಾರಿಗಳು.

ಬೆಂಗಳೂರೂ ಈ ಲೆಕ್ಕದಲ್ಲಿತ್ತು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ 1940ರಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಿಂದ ಅಮೆರಿಕದ ವಾಯುಪಡೆಯ ಉಸ್ತುವಾರಿಯಲ್ಲಿ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ದುರಸ್ತಿಗೆಂದು ಬಂದು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ನೊರೆಗೂ ಬೆಂಕಿಗೂ ಹೆಸರಾಗಿರುವ ಇಂದಿನ ಕೆರೆಯ ದಡದಲ್ಲಿ ನಿಂತು ಇದನ್ನು ಹೇಳಿದರೆ ಜೊತೆಗಿದ್ದವರು ನಗುತ್ತಾರೆ. ಯುದ್ಧ ದೂರದಲ್ಲಿತ್ತು ಎಂದು ನಾವು ಹೇಳಿಕೊಳ್ಳುತ್ತೇವೆ, ಆದರೆ ರಂಗೂನಿನ ಅಕ್ಕಿ ನಿಂತುಹೋದ ಮೇಲೆ ದಕ್ಷಿಣದ ಎಷ್ಟೋ ಮನೆಗಳ ಒಲೆಗೆ ಅದು ಬಹಳ ಹತ್ತಿರದಲ್ಲೇ ಇತ್ತು.

ಕೋಷ್ಟಕದ ಕಡೆಯ ಸಾಲು ವಾಷಿಂಗ್ಟನ್. ಅಲ್ಲಿ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಯುದ್ಧದಿಂದ ಮರಳುವ ಸೈನಿಕರಿಗೆ ಕಾಲೇಜು ಶಿಕ್ಷಣದ ವೆಚ್ಚ, ಮನೆ ಕಟ್ಟಲು ಸಾಲದ ಖಾತರಿ, ನಿರುದ್ಯೋಗ ಭತ್ಯೆ ಒದಗಿಸುವ ಕಾಯಿದೆಗೆ ಸಹಿ ಹಾಕಿದರು. ಸೈಪಾನಿನ ಇಳಿಜಾರಿನಲ್ಲಿಯೂ ಶೆರ್‌ಬುರ್ ಹೊರವಲಯದಲ್ಲಿಯೂ ಅಂದು ಸತ್ತವರಿಗೆ ಅದು ದಕ್ಕಲಿಲ್ಲ. ಬದುಕಿ ಮರಳಿದ ಲಕ್ಷಾಂತರ ಜನ ಅದರ ಬಲದಿಂದ ಓದಿದರು. ಇಂಫಾಲದಿಂದ ಮರಳಿದ ಸಿಪಾಯಿಗೆ ಇಂಥದೊಂದು ಕಾಗದ ಕಾದಿರಲಿಲ್ಲ.

ಮುತ್ತಿಗೆ ಮುಗಿದ ದಿನ ಎಂದು ಬರೆದೆನಲ್ಲವೇ? ನಾಲ್ಕು ದಿನಗಳ ನಂತರ, ಇಂಫಾಲದ ದಕ್ಷಿಣಕ್ಕಿರುವ ಬಿಷ್ಣುಪುರದ ಮೇಲಿನ ಗುಡ್ಡಗಳಲ್ಲಿ ಸುಬೇದಾರ್ ನೇತ್ರಬಹಾದುರ್ ಥಾಪಾ ಮಳೆಯ ರಾತ್ರಿಯಿಡೀ ಒಂದು ಸಣ್ಣ ಠಾಣೆಯನ್ನು ಹಿಡಿದು ನಿಂತು, ಬೆಳಗಿನ ಹೊತ್ತಿಗೆ ಸತ್ತ. ರಸ್ತೆ ತೆರೆದು ದಿಮಾಪುರದಿಂದ ಲಾರಿಗಳು ಬಯಲಿಗೆ ಇಳಿಯತೊಡಗಿದ್ದವು. ಆ ಗುಡ್ಡದ ಮೇಲೆ ಮಾತ್ರ ಮುತ್ತಿಗೆ ಮುಗಿದಿರಲಿಲ್ಲ. ಕೋಷ್ಟಕದಲ್ಲಿ ಇದಕ್ಕೆ ಜಾಗವಿಲ್ಲ, ತಾರೀಖು 26. ಅಂಚಿನಲ್ಲಿ ಚೀಟಿ ಅಂಟಿಸಿ ಬರೆದಿದ್ದೇನೆ. ಅದರ ಕೆಳಗೇ ಇನ್ನೊಂದು ಚೀಟಿಯಿದೆ, ಗಡಿಯಾರದ ಲೆಕ್ಕ ಮರೆಯದಿರಲೆಂದು ಬರೆದುಕೊಂಡದ್ದು: ಯುದ್ಧಕ್ಕೆಂದು ತೆಗೆದುಕೊಂಡಿದ್ದ ಒಂದು ಗಂಟೆಯನ್ನು ಭಾರತದ ಗಡಿಯಾರಗಳು ಹಿಂತಿರುಗಿಸಿದ್ದು 1945ರ ಅಕ್ಟೋಬರ್ 15ರಂದು.